ಸಮೋವಾದ ಕೆಸುವಿಗೆ ಬಂದ ಕೊಳೆರೋಗ

ಪ್ರಶ್ನೆ: ನಾನು ಸಿರ್ಸಿ ಕಡೆಯವಳು. ಎಂಟು ವರ್ಷಗಳಿಂದ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ಪೆಸಿಫಿಕ್ ದ್ವೀಪಗಳವರ ಅಂಗಡಿಗಳಲ್ಲಿ ‘ಟಾರೊ’ ಎಂಬ ಹೆಸರಿನಲ್ಲಿ ತೆಂಗಿನಕಾಯಿಗಿಂತ ದೊಡ್ಡದಾದ ಗೆಡ್ಡೆಗಳನ್ನು ಮಾರುತ್ತಾರೆ. ಕೆಲವು ರಾಶಿಗಳ ಮೇಲೆ ಫಿಜಿ ಎಂದು, ಕೆಲವುಗಳ ಮೇಲೆ ಸಮೋವಾ ಎಂದು ಬರೆದಿರುತ್ತದೆ. ಅಂಗಡಿಯಲ್ಲಿದ್ದ ಸಮೋವಾದ ಹಿರಿಯ ಹೆಂಗಸೊಬ್ಬರು, “ಒಂದು ಕಾಲದಲ್ಲಿ ಇಲ್ಲಿಗೆ ಬರುತ್ತಿದ್ದುದೆಲ್ಲ ನಮ್ಮೂರಿನದೇ ಆಗಿತ್ತು, ಎಲೆಗೆ ರೋಗ ಬಂದು ಹದಿನೈದು ವರ್ಷ ಎಲ್ಲವೂ ನಿಂತುಹೋಯಿತು” ಎಂದು ಹೇಳಿದರು. ಇದು ನಮ್ಮ ಕೆಸುವೇ ಹೌದೇ? ಅದಕ್ಕೆ ಬಂದ ರೋಗ ಯಾವುದು? ಊರಿನಲ್ಲಿ ನಮ್ಮ ಹಿತ್ತಲಿನ ಕೆಸುವಿನ ಎಲೆಯ ಮೇಲೂ ಮಳೆಗಾಲದಲ್ಲಿ ಕಂದು ಮಚ್ಚೆಗಳಾಗುತ್ತವೆ, ಅದೂ ಇದೇ ರೋಗವೇ? ಪತ್ರೊಡೆಗೆಂದು ಊರಿನ ಕೆಸುವಿನ ಗೆಡ್ಡೆಯನ್ನು ತಂದು ಇಲ್ಲಿ ನೆಡಬಹುದೇ?

ಉತ್ತರ: ತಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಬಹುದು: ಹೌದು, ಅದು ನಮ್ಮ ಕೆಸುವೇ. ಸಸ್ಯಶಾಸ್ತ್ರಕ್ಕೆ ಎರಡೂ ಕೊಲೊಕೇಸಿಯಾ ಎಸ್ಕುಲೆಂಟಾ ಎಂಬ ಒಂದೇ ಪ್ರಭೇದ. ಗಾತ್ರವನ್ನು ನೋಡಿ ತಮಗೆ ಅನುಮಾನ ಬಂದಿರುವುದು ಸಹಜ. ನಮ್ಮಲ್ಲಿ ತರಕಾರಿಯಾಗಿ ಹೆಚ್ಚು ಬೆಳೆಯುವ ಬಗೆಯಲ್ಲಿ ನಡುವಿನ ತಾಯಿಗೆಡ್ಡೆಯ ಸುತ್ತ ಕೋಳಿಮೊಟ್ಟೆಯಷ್ಟು ದೊಡ್ಡದಾದ ಹಲವು ಮರಿಗೆಡ್ಡೆಗಳು ಕಟ್ಟುತ್ತವೆ, ಪಲ್ಯಕ್ಕೂ ಸಾಂಬಾರಿಗೂ ನಾವು ಬಳಸುವುದು ಆ ಮರಿಗೆಡ್ಡೆಗಳನ್ನು. ಪೆಸಿಫಿಕ್ ದ್ವೀಪಗಳ ಜನರು ಆರಿಸಿಕೊಂಡು ಬಂದ ಬಗೆಯಲ್ಲಿ ತಾಯಿಗೆಡ್ಡೆಯೊಂದೇ ಕಿಲೊ, ಎರಡು ಕಿಲೊ ತೂಗುವಂತೆ ಬೆಳೆಯುತ್ತದೆ, ಮರಿಗಳು ಕಡಿಮೆ. ನಾವು ಬದಿಯ ಪದಾರ್ಥವಾಗಿ ಉಣ್ಣುವುದನ್ನು ಅವರು ಅನ್ನದ ಜಾಗದಲ್ಲಿಟ್ಟು ಉಣ್ಣುತ್ತಾರೆ. ಅಂಥ ಗೆಡ್ಡೆ ಒಂದೆರಡು ವರ್ಷಗಳ ಅವಧಿಯಲ್ಲಿ ಒಂದು ದೇಶದ ಹೊಲಗಳಿಂದ ಬಹುತೇಕ ಮಾಯವಾಯಿತೆಂದರೆ ಅದರ ಅರ್ಥವೇನು ಎಂಬುದನ್ನು, ಒಂದು ವರ್ಷದ ಭತ್ತ ಪೂರ್ತಿ ಕೈಬಿಟ್ಟ ಊರನ್ನು ನೆನೆಸಿಕೊಂಡರೆ ಮಾತ್ರ ನಾವು ಅಂದಾಜು ಮಾಡಬಲ್ಲೆವು.

ಸಮೋವಾ ದಕ್ಷಿಣ ಪೆಸಿಫಿಕ್ ಸಾಗರದ ನಡುವೆ ಇರುವ, ಸುಮಾರು ಎರಡು ಲಕ್ಷ ಜನಸಂಖ್ಯೆಯ ಪುಟ್ಟ ದೇಶ. ಉಪೋಲು, ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳೂ ಕೆಲವು ಚಿಕ್ಕ ದ್ವೀಪಗಳೂ ಸೇರಿ ಆ ದೇಶವಾಗಿದೆ. ರಾಜಧಾನಿ ಆಪಿಯಾ ಉಪೋಲುವಿನ ಉತ್ತರ ದಡದಲ್ಲಿದೆ. ಜ್ವಾಲಾಮುಖಿಯಿಂದ ಹುಟ್ಟಿದ ಕಪ್ಪು ಕಲ್ಲಿನ ನೆಲ, ವರ್ಷವಿಡೀ ಬೆಚ್ಚಗಿನ ಹವೆ, ಧಾರಾಳ ಮಳೆ ಇವೆಲ್ಲ ಕೆಸುವಿಗೆ ಹೇಳಿ ಮಾಡಿಸಿದಂತಿವೆ. ಸುಮಾರು 2800 ವರ್ಷಗಳ ಹಿಂದೆ ಲಪಿಟಾ ಎಂದು ಪುರಾತತ್ತ್ವಜ್ಞರು ಕರೆಯುವ ಸಂಸ್ಕೃತಿಯ ಜನರು ಪಶ್ಚಿಮದಿಂದ ದೋಣಿಗಳಲ್ಲಿ ಬಂದು ಇಲ್ಲಿ ನೆಲೆಸಿದರು. ಈ ಜನರ ವಲಸೆಯ ದಾರಿಯಲ್ಲೇ ಕೆಸು, ಹೆಗ್ಗೆಣಸು, ಬಾಳೆ, ಜೀಗುಜ್ಜೆಗಳೂ ದ್ವೀಪದಿಂದ ದ್ವೀಪಕ್ಕೆ ದಾಟಿದವು. ಆ ಪ್ರಯಾಣದ ಗುರುತು ಇಂದಿಗೂ ಹೆಸರಿನಲ್ಲಿ ಉಳಿದಿದೆ: ಸಮೋವಾ ಮತ್ತು ಟೋಂಗಾಗಳಲ್ಲಿ ‘ತಲೊ’, ಫಿಜಿಯಲ್ಲಿ ‘ದಲೊ’, ಹವಾಯಿಯಲ್ಲಿ ‘ಕಲೊ’, ತಾವಿರುವ ನೆಲದ ಮಾವೊರಿಗಳಲ್ಲಿ ‘ಟಾರೊ’. ಲೋಸಿ ಎಂಬ ಬೆಸ್ತನು ದೇವರ ಲೋಕಕ್ಕೆ ಮೀನು ಕೊಡಲು ಹೋಗಿ ಅಲ್ಲಿಂದ ಕೆಸುವಿನ ಸಸಿಯನ್ನು ಕದ್ದು ತಂದನೆಂಬ ಕಥೆ ಸಮೋವಾದಲ್ಲಿದೆ.

ಮುಂದಿನ ಮಾತೆಲ್ಲ ನಿಂತಿರುವುದು ಈ ಬೆಳೆಯನ್ನು ನೆಡುವ ರೀತಿಯ ಮೇಲೆ, ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಮೋವಾದ ರೈತರು ಕೆಸುವನ್ನು ಬೀಜದಿಂದ ಬೆಳೆಸುವುದಿಲ್ಲ. ಗೆಡ್ಡೆಯನ್ನು ಕಿತ್ತ ಮೇಲೆ ಅದರ ನೆತ್ತಿಯ ತೆಳುವಾದ ಭಾಗವನ್ನು ಒಂದು ಗೇಣು ದಂಟಿನೊಡನೆ ಕತ್ತರಿಸಿಕೊಳ್ಳುತ್ತಾರೆ. ಅದಕ್ಕೆ ಅವರು ‘ತಿಯಾಪುಲ’ ಎನ್ನುತ್ತಾರೆ. ‘ಓಸೊ’ ಎಂಬ ಚೂಪಾದ ಕೋಲಿನಿಂದ ನೆಲದಲ್ಲಿ ಗುಳಿ ಮಾಡಿ ತಿಯಾಪುಲವನ್ನು ಇಳಿಸಿಬಿಟ್ಟರೆ ನಾಟಿ ಮುಗಿಯಿತು. ಉಂಡ ಗೆಡ್ಡೆಯ ತಲೆಯೇ ಮುಂದಿನ ಬೆಳೆಯಾಗುತ್ತದೆ. ಇದು ಜಾಣತನದ ಪದ್ಧತಿ, ಏಕೆಂದರೆ ರುಚಿಯಾದ ಗೆಡ್ಡೆಯ ರುಚಿ ತಲೆಮಾರುಗಟ್ಟಲೆ ಒಂದಿಷ್ಟೂ ಬದಲಾಗದೆ ಉಳಿಯುತ್ತದೆ. ಆದರೆ ಒಂದೇ ತಿಯಾಪುಲದ ಸಂತತಿಯ ಸಾವಿರ ಗಿಡಗಳೂ ವಂಶವಾಹಿಯ ದೃಷ್ಟಿಯಲ್ಲಿ ಒಂದೇ ಗಿಡ. ಅವುಗಳಲ್ಲಿ ಒಂದನ್ನು ಕೊಲ್ಲಬಲ್ಲ ರೋಗ ಉಳಿದವನ್ನೆಲ್ಲ ಅಷ್ಟೇ ಸುಲಭವಾಗಿ ಕೊಲ್ಲಬಲ್ಲದು. ಇದಕ್ಕೆ ಇನ್ನೊಂದು ಇತಿಹಾಸವೂ ಸೇರಿಕೊಂಡಿದೆ. ದೋಣಿಯಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವವರು ಎಲ್ಲ ತಳಿಗಳನ್ನೂ ಹೊತ್ತೊಯ್ಯಲಾರರು, ಹೋದಷ್ಟು ದೂರ ಆಯ್ಕೆ ಕಿರಿದಾಗುತ್ತ ಹೋಗುತ್ತದೆ. ಆಗ್ನೇಯ ಏಷ್ಯಾದ ಕೆಸುಗಳೂ ಪೆಸಿಫಿಕ್‌ನ ಕೆಸುಗಳೂ ವಂಶವಾಹಿಯಲ್ಲಿ ಎರಡು ಬೇರೆ ಬೇರೆ ಗುಂಪುಗಳೆಂಬುದೂ, ಪಾಲಿನೇಷ್ಯಾದ ದ್ವೀಪಗಳಲ್ಲಿ ಹೆಸರುಗಳು ಎಷ್ಟೇ ಇದ್ದರೂ ಆಳದಲ್ಲಿ ವೈವಿಧ್ಯ ಬಹಳ ಕಡಿಮೆಯೆಂಬುದೂ ಡಿಎನ್‌ಎ ಪರೀಕ್ಷೆಗಳಿಂದ ದೃಢಪಟ್ಟಿವೆ.

ಈಗ 1990ಕ್ಕೆ ಬರೋಣ. ಆ ವರ್ಷದ ಫೆಬ್ರವರಿಯಲ್ಲಿ ‘ಓಫಾ’ ಎಂಬ ಚಂಡಮಾರುತ, 1991ರ ಡಿಸೆಂಬರಿನಲ್ಲಿ ‘ವಾಲ್’ ಎಂಬ ಇನ್ನೊಂದು ಚಂಡಮಾರುತ ಸಮೋವಾವನ್ನು ಅಪ್ಪಳಿಸಿದವು. ತೆಂಗು, ಕೋಕೊ ಮರಗಳು ನೆಲಕಚ್ಚಿದವು. ಮರ ಮತ್ತೆ ಫಲಕ್ಕೆ ಬರಲು ವರ್ಷಗಳು ಬೇಕು, ಕೆಸುವಿಗೆ ಎಂಟು ತಿಂಗಳು ಸಾಕು. ಅಂಥ ಹೊತ್ತಿನಲ್ಲಿ ರೈತರು ಕೆಸುವಿನತ್ತ ಹೊರಳಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಹಾನಿಗೊಳಗಾದ ಊರುಗಳಿಗೆ ನಾಟಿಯ ತಿಯಾಪುಲಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ದೊಡ್ಡ ಪ್ರಮಾಣದಲ್ಲಿ ಸಾಗಿಸಲಾಯಿತು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ನೆಲೆಸಿದ ಸಮೋವನ್ನರು ಊರಿನ ಗೆಡ್ಡೆಗೆ ಒಳ್ಳೆಯ ಬೆಲೆ ಕೊಡಲು ಸಿದ್ಧರಿದ್ದರು. ಅವರೆಲ್ಲ ಕೇಳುತ್ತಿದ್ದುದು ‘ತಲೊ ನಿಯೂ’ ಎಂಬ ಒಂದು ತಳಿಯನ್ನು. ಬೆಂದ ಮೇಲೆ ನೀರೊಡೆಯದೆ ಗಟ್ಟಿಯಾಗಿ, ಪರಿಮಳದಿಂದ ಕೂಡಿರುತ್ತಿದ್ದ ಆ ಗೆಡ್ಡೆಗೆ ಅವರ ನಾಲಿಗೆ ಒಗ್ಗಿತ್ತು. ಹೀಗೆ 1993ರ ವೇಳೆಗೆ ಕೆಸು ದೇಶದ ಮುಖ್ಯ ರಫ್ತು ಬೆಳೆಯಾಗಿತ್ತು, ಮತ್ತು ಹೊಲಗಳ ಬಹುಪಾಲನ್ನು ಆ ಒಂದೇ ತಳಿ ಆವರಿಸಿತ್ತು.

1993ರ ಜುಲೈನಲ್ಲಿ ಉಪೋಲುವಿನ ಹೊಲಗಳಲ್ಲಿ ಎಲೆ ಅಂಗಮಾರಿ ರೋಗ ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ ಅದು ದ್ವೀಪವನ್ನೆಲ್ಲ ವ್ಯಾಪಿಸಿ, ಕಡಲು ದಾಟಿ ಸವಾಯಿಯನ್ನೂ ಮುಟ್ಟಿತು. 1993ರಲ್ಲಿ ಸುಮಾರು 35 ಲಕ್ಷ ಅಮೆರಿಕನ್ ಡಾಲರ್‌ನಷ್ಟಿದ್ದ ಕೆಸುವಿನ ರಫ್ತು ಮರುವರ್ಷ 60 ಸಾವಿರ ಡಾಲರ್‌ಗೂ ಕೆಳಗಿಳಿಯಿತು. ಆಪಿಯಾದ ಮಾರುಕಟ್ಟೆಯಲ್ಲೂ ಗೆಡ್ಡೆ ಕಾಣದಾಯಿತು. ಅಂಗಡಿಯ ಆ ಹಿರಿಯರು ತಮಗೆ ಹೇಳಿದ ಮಾತು ಬಹುಮಟ್ಟಿಗೆ ನಿಜ.

ಈ ರೋಗದ ಕಾರಣಕರ್ತನ ಹೆಸರು ಫೈಟೊಫ್ತೊರಾ ಕೊಲೊಕೇಸಿಯೆ. ತಾವು ಅಡಿಕೆ ಸೀಮೆಯವರಾದ್ದರಿಂದ ಈ ಹೆಸರಿನ ಮೊದಲ ಭಾಗ ತಮ್ಮ ಮನೆಯಲ್ಲಿ ಬೇರೊಂದು ರೂಪದಲ್ಲಿ ಪರಿಚಿತವಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಅಡಿಕೆಯ ಕೊನೆಯಿಂದ, ಎಂದರೆ ಗೊನೆಯಿಂದ, ಎಳೆಯ ಕಾಯಿಗಳನ್ನು ಉದುರಿಸುವ ಕೊಳೆರೋಗವೂ ಫೈಟೊಫ್ತೊರಾ ಕುಲದ್ದೇ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಮಾಡಿ ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದದ್ದೂ ಅದೇ ಕುಲದ ಇನ್ನೊಂದು ಪ್ರಭೇದ. ಕೆಸುವಿನದಕ್ಕೂ ಅಡಿಕೆಯದಕ್ಕೂ ಬೇರೆ ಬೇರೆ ಪ್ರಭೇದಗಳಿದ್ದರೂ ಅವು ಬದುಕುವ ಕ್ರಮ ಅಣ್ಣತಮ್ಮಂದಿರದು. ರೂಢಿಯಲ್ಲಿ ನಾವು ಇವನ್ನು ಶಿಲೀಂಧ್ರ ಎನ್ನುತ್ತೇವೆ, ಆದರೆ ನಿಜವಾಗಿ ಇವು ಶಿಲೀಂಧ್ರಗಳಲ್ಲ. ಪಾಚಿಗಳ ಒಂದು ವರ್ಗಕ್ಕೆ ಹತ್ತಿರದವಾದ ನೀರುಬೂಜುಗಳು. ಈ ಭೇದ ಹೊಲದ ಮಟ್ಟಿಗೂ ಮುಖ್ಯ, ಏಕೆಂದರೆ ಶಿಲೀಂಧ್ರಗಳಿಗೆಂದು ತಯಾರಿಸಿದ ಎಷ್ಟೋ ಔಷಧಗಳು ನೀರುಬೂಜಿನ ಮೇಲೆ ಕೆಲಸ ಮಾಡುವುದಿಲ್ಲ.

ರೋಗ ಹರಡುವ ಬಗೆಯನ್ನು ಕಣ್ಣಿಗೆ ಕಟ್ಟುವಂತೆ ನೋಡಬೇಕೆಂದರೆ ಮಳೆ ಬಿದ್ದ ರಾತ್ರಿಯ ಮರುಬೆಳಿಗ್ಗೆ ಹೊಲಕ್ಕೆ ಹೋಗಬೇಕು. ಎಲೆಯ ತುದಿಯಲ್ಲೋ ಅಂಚಿನಲ್ಲೋ, ನೀರು ನಿಂತು ಇಳಿಯುವ ಜಾಗದಲ್ಲಿ ಮೊದಲು ಒಂದು ಸಣ್ಣ, ನೀರು ನೆನೆದಂಥ ಮಚ್ಚೆ ಮೂಡುತ್ತದೆ. ಅದು ಸುತ್ತು ಸುತ್ತಾಗಿ ಅಗಲವಾಗುತ್ತ ಕಂದಾಗುತ್ತದೆ, ಅಂಚಿನಲ್ಲಿ ಬಿಳಿಯ ನವಿರು ಧೂಳು ಕೂತಂತೆ ಕಾಣುತ್ತದೆ, ಮಚ್ಚೆಯಿಂದ ಕಿತ್ತಳೆ ಬಣ್ಣದ ಅಂಟುಹನಿಗಳು ಒಸರುತ್ತವೆ. ಆ ಬಿಳಿಯ ಧೂಳೇ ಬೀಜಕಕೋಶಗಳ ರಾಶಿ. ರಾತ್ರಿಯ ತಂಪಿನಲ್ಲಿ, ಗಾಳಿ ತೇವದಿಂದ ತುಂಬಿರುವಾಗ ಅವು ಮೂಡುತ್ತವೆ. ನೀರಿನ ಹನಿಯೊಳಗೆ ಅವು ಒಡೆದಾಗ ಬಾಲವಿರುವ, ಈಜಬಲ್ಲ ಸೂಕ್ಷ್ಮ ಬೀಜಕಗಳು ಹೊರಬರುತ್ತವೆ. ಮಳೆಹನಿ ಸಿಡಿದರೆ ಪಕ್ಕದ ಎಲೆಗೆ, ಗಾಳಿಮಳೆ ಬಂದರೆ ಪಕ್ಕದ ಹೊಲಕ್ಕೆ ಅವು ದಾಟುತ್ತವೆ. ತಿಯಾಪುಲದ ದಂಟಿಗೆ ಅಂಟಿಕೊಂಡರಂತೂ ಹಡಗನ್ನೇರಿ ಪಕ್ಕದ ದ್ವೀಪಕ್ಕೂ ಹೋಗಬಲ್ಲವು. ಆರೋಗ್ಯವಾದ ಎಲೆ ಗಿಡದ ಮೇಲೆ ತಿಂಗಳಿಗೂ ಹೆಚ್ಚು ಕಾಲ ಬಾಳುತ್ತದೆ, ರೋಗ ತಗಲಿದ್ದು ಇಪ್ಪತ್ತು ದಿನವೂ ಉಳಿಯುವುದಿಲ್ಲ. ಆರೇಳು ಎಲೆಗಳಿರಬೇಕಾದ ಗಿಡದಲ್ಲಿ ಮೂರು ಎಲೆಗಳೂ ನೆಟ್ಟಗೆ ಇಲ್ಲದಿದ್ದರೆ ಗೆಡ್ಡೆಗೆ ಆಹಾರ ಎಲ್ಲಿಂದ ಬರಬೇಕು? ಆದ್ದರಿಂದ ರೋಗ ಎಲೆಯದಾದರೂ ನಷ್ಟವಾಗುವುದು ಮಣ್ಣಿನೊಳಗಿನ ಗೆಡ್ಡೆಗೆ.

ಮಲೆನಾಡಿನಲ್ಲಿ ಬೋರ್ಡೋ ದ್ರಾವಣ ಹೊಡೆದು ಕೊಳೆಯನ್ನು ತಡೆಯುತ್ತೇವಲ್ಲ, ಅಲ್ಲಿ ಅದೇಕೆ ಸಾಧ್ಯವಾಗಲಿಲ್ಲ ಎಂದು ತಾವು ಕೇಳಬಹುದು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಸಸ್ಯರೋಗತಜ್ಞ ಲೆಸ್ಲಿ ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಅಡಿಕೆಯ ಕೊಳೆರೋಗವನ್ನು ಅಭ್ಯಾಸಮಾಡಿ, ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣವನ್ನು ನಮ್ಮ ತೋಟಗಳಿಗೆ ಬಳಕೆಗೆ ತಂದರು. ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ನೋಡಿಕೊಳ್ಳುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು, ಈಗಲೂ ಅಲ್ಲಲ್ಲಿ ಇದೆ. ಆದರೆ ಅಡಿಕೆಯಲ್ಲಿ ಕಾಪಾಡಬೇಕಾದದ್ದು ಮರಕ್ಕೆ ಮೂರು ನಾಲ್ಕು ಕೊನೆಗಳು. ಕೆಸುವಿನಲ್ಲಿ ಕಾಪಾಡಬೇಕಾದದ್ದು ವಾರವಾರವೂ ಹೊಸದಾಗಿ ಬಿಚ್ಚಿಕೊಳ್ಳುವ ಎಲೆಗಳನ್ನು. ನಿನ್ನೆ ಹೊಡೆದ ಔಷಧ ಇಂದು ಬಿಚ್ಚಿದ ಎಲೆಯ ಮೇಲೆ ಇರುವುದಿಲ್ಲ. ಅಲ್ಲದೆ ಕೆಸುವಿನೆಲೆಯ ಮೇಲಿನ ನೀರು ಹೇಗೆ ನಿಲ್ಲದೆ ಜಾರುತ್ತದೆಂಬುದು ನಮ್ಮ ಮಾತುಗಳಲ್ಲೇ ಸೇರಿಹೋಗಿದೆ, ಔಷಧವೂ ಹಾಗೆಯೇ ಜಾರುತ್ತದೆ. ಸಮೋವಾದಲ್ಲಿ ಸರ್ಕಾರ ಸಿಂಪಡಣೆಯ ಪ್ರಯತ್ನವನ್ನು ಮಾಡದೆ ಇರಲಿಲ್ಲ. ಫಾಸ್ಫರಸ್ ಆಮ್ಲ ಆಧಾರಿತ ಔಷಧವನ್ನು ಪಂಪಿನಿಂದ ಹೊಡೆದು ನೋಡಲಾಯಿತು, ಫಲವೂ ಕಂಡಿತು. ಆದರೆ ಮನೆಬಳಕೆಗೆಂದು ನೂರಿನ್ನೂರು ಗಿಡ ಬೆಳೆಯುವ ಕುಟುಂಬಕ್ಕೆ, ಅದೂ ಮಳೆ ಬಿಡದ ನೆಲದಲ್ಲಿ, ಆ ಖರ್ಚೂ ದುಡಿಮೆಯೂ ಹೊರಲಾರದ ಭಾರವಾಗಿತ್ತು.

ಐರ್ಲೆಂಡಿನಲ್ಲಾದಂತೆ ಸಮೋವಾದಲ್ಲಿ ಜನ ಹಸಿವಿನಿಂದ ಸಾಯಲಿಲ್ಲ. ಇದನ್ನು ಒತ್ತಿ ಹೇಳಬೇಕು. ಹೊರದೇಶಗಳಲ್ಲಿದ್ದ ಬಂಧುಗಳು ಕಳುಹಿಸುತ್ತಿದ್ದ ಹಣ, ಅಂಗಡಿಗೆ ಬರುತ್ತಿದ್ದ ಅಕ್ಕಿ ಮತ್ತು ಮೈದಾ ಒಂದು ಕಾರಣ. ಇನ್ನೊಂದು ಕಾರಣ, ನನ್ನ ದೃಷ್ಟಿಯಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು, ಅವರ ಹಳೆಯ ಹೊಲಗಳ ಮಿಶ್ರ ಬೆಳೆ. ‘ತಾಮು’ ಎಂಬ ದೈತ್ಯ ಗೆಡ್ಡೆ ಕೆಸುವಿನದೇ ಕುಟುಂಬದ ಬೇರೊಂದು ಗಿಡ, ಆಳೆತ್ತರ ಬೆಳೆಯುವ ಅದಕ್ಕೆ ಈ ರೋಗ ಅಷ್ಟಾಗಿ ತಟ್ಟುವುದಿಲ್ಲ. ‘ತಲೊ ಪಲಾಗಿ’ ಎಂದರೆ ಪರದೇಶಿ ಕೆಸು. ಅದು ಅಮೆರಿಕ ಖಂಡದಿಂದ ಬಂದ ಜ್ಯಾಂಥೊಸೋಮಾ ಎಂಬ ಗಿಡ, ಅದೂ ಉಳಿದುಕೊಂಡಿತು. ‘ಉಫಿ’ ಎಂದು ಅವರು ಕರೆಯುವ ಹೆಗ್ಗೆಣಸು, ‘ಉಲು’ ಎಂದು ಕರೆಯುವ ಜೀಗುಜ್ಜೆ, ಬಾಳೆಕಾಯಿ ಇವೆಲ್ಲ ಊಟದ ಎಲೆಯಲ್ಲಿ ಕೆಸುವಿನ ಜಾಗವನ್ನು ತುಂಬಿದವು. ಆದರೂ ಜಾಗ ತುಂಬುವುದು ಬೇರೆ, ಕೊರತೆ ನೀಗುವುದು ಬೇರೆ. ಸಮೋವಾದಲ್ಲಿ ಭಾನುವಾರದ ಊಟಕ್ಕೆ ಕಾದ ಕಲ್ಲುಗಳನ್ನು ಹರಡಿ, ಅದರ ಮೇಲೆ ಗೆಡ್ಡೆ, ಮೀನು, ಮಾಂಸಗಳನ್ನಿಟ್ಟು ಬಾಳೆಯೆಲೆಯಿಂದ ಮುಚ್ಚಿ ಬೇಯಿಸುವ ‘ಉಮು’ ಎಂಬ ಒಲೆಯ ಮುಖ್ಯ ಪದಾರ್ಥವೇ ಕೆಸು. ಮದುವೆ, ಸಾವು, ಪಟ್ಟಗಟ್ಟುವ ಸಮಾರಂಭಗಳಲ್ಲಿ ಮನೆಯಿಂದ ಮನೆಗೆ ಒಯ್ಯುವ ಕಾಣಿಕೆಯಲ್ಲೂ ಅದಿರಲೇಬೇಕು. ಅಕ್ಕಿ ಮೂಟೆಯಿಂದ ಹೊಟ್ಟೆ ತುಂಬಬಹುದು, ಆದರೆ ಅದು ಆ ಕಾಣಿಕೆಯ ಜಾಗದಲ್ಲಿ ಕೂರಲಾರದು.

ಇನ್ನು ಮರುಹುಟ್ಟಿನ ವಿಷಯ. ತಲೊ ನಿಯೂವನ್ನು ಉಳಿಸಿಕೊಳ್ಳುವುದು ಸಾಧ್ಯವಿಲ್ಲವೆಂಬುದು ಬೇಗನೆ ಸ್ಪಷ್ಟವಾಯಿತು. ರೋಗ ಬಹುಕಾಲದಿಂದ ಇರುವ ಕಡೆ ಅದರೊಂದಿಗೆ ಬದುಕಲು ಕಲಿತ ಕೆಸುಗಳು ಇರಲೇಬೇಕೆಂಬ ತರ್ಕದಿಂದ ಪಲಾವು, ಮೈಕ್ರೊನೇಷ್ಯಾ, ಫಿಲಿಪೀನ್ಸ್‌ಗಳಿಂದ ತಳಿಗಳನ್ನು ತರಿಸಲಾಯಿತು. ಅವು ರೋಗವನ್ನು ತಾಳಿಕೊಂಡವು. ಫಿಲಿಪೀನ್ಸ್‌ನಿಂದ ಬಂದ ತಳಿಯೊಂದನ್ನು ರೈತರು ತಕ್ಕಮಟ್ಟಿಗೆ ಒಪ್ಪಿಕೊಂಡರು ಕೂಡ. ಆದರೆ ತಂದದ್ದನ್ನು ನೆಟ್ಟರೆ ಸಾಲದು, ಅವುಗಳ ತಾಳಿಕೆಯನ್ನೂ ಸಮೋವಾದ ರುಚಿಯನ್ನೂ ಒಂದೇ ಗಿಡದಲ್ಲಿ ತರಬೇಕಾಗಿತ್ತು. ಆಪಿಯಾದ ಬಳಿ ಅಲಾಫುವಾದಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕೃಷಿ ವಿಭಾಗವೂ ಸಮೋವಾದ ಕೃಷಿ ಸಚಿವಾಲಯವೂ ಈ ಕೆಲಸಕ್ಕೆ ಕೈಹಾಕಿದವು. ಆಸ್ಟ್ರೇಲಿಯಾದ ನೆರವಿನಿಂದ 1998ರಲ್ಲಿ ಇಡೀ ಪ್ರದೇಶದ ಕೆಸುಗಳನ್ನು ಸಂಗ್ರಹಿಸುವ ಯೋಜನೆಯೂ ಆರಂಭವಾಯಿತು. ವಿಶ್ವವಿದ್ಯಾಲಯದ ತಳಿತಜ್ಞ ಟೋಲೊ ಇಯೊಸೆಫಾ ಅವರ ಹೆಸರನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು.

ಕೆಸುವಿನ ತಳಿ ಸಂಕರಣ ತಾಳ್ಮೆ ಬೇಡುವ ಕೆಲಸ. ಕೆಸು ಹೂ ಬಿಡುವುದೇ ಅಪರೂಪ, ಅನೇಕ ತಳಿಗಳಿಗೆ ಜಿಬ್ಬರೆಲಿಕ್ ಆಮ್ಲವೆಂಬ ಸಸ್ಯಚೋದಕವನ್ನು ಸಿಂಪಡಿಸಿ ಹೂ ಬರಿಸಬೇಕಾಗುತ್ತದೆ. ಹೂಗೊಂಚಲಿನ ಕೆಳಭಾಗದಲ್ಲಿ ಹೆಣ್ಣು ಹೂಗಳು, ಮೇಲ್ಭಾಗದಲ್ಲಿ ಗಂಡು ಹೂಗಳು ಇರುತ್ತವೆ. ಪರಾಗ ತನ್ನದೇ ಹೂವಿಗೆ ಬೀಳುವ ಮೊದಲು ಮೇಲ್ಭಾಗವನ್ನು ಕತ್ತರಿಸಿ, ಬೇರೆ ಗಿಡದ ಪರಾಗವನ್ನು ಕೈಯಿಂದ ಸವರಬೇಕು. ಆಮೇಲೆ ಸಿಗುವ ಬೀಜ ರಾಗಿಕಾಳಿಗಿಂತ ಚಿಕ್ಕದು. ಅಂಥ ಸಾವಿರಾರು ಬೀಜಗಳಿಂದ ಸಾವಿರಾರು ಸಸಿಗಳಾಗುತ್ತವೆ, ಯಾವೆರಡೂ ಒಂದೇ ರೀತಿ ಇರುವುದಿಲ್ಲ. ಅವನ್ನೆಲ್ಲ ರೋಗವಿರುವ ಹೊಲದಲ್ಲೇ ಬೆಳೆಸಿ, ಉಳಿದವುಗಳಲ್ಲಿ ಒಳ್ಳೆಯವನ್ನು ಆರಿಸಿ, ಆರಿಸಿದವುಗಳನ್ನು ಮತ್ತೆ ತಮ್ಮತಮ್ಮೊಳಗೆ ಸಂಕರಗೊಳಿಸುತ್ತ ಸುತ್ತಿನ ಮೇಲೆ ಸುತ್ತು ಮುಂದುವರಿಯಬೇಕು. ಒಂದೇ ಬಲವಾದ ವಂಶವಾಹಿಯನ್ನು ನೆಚ್ಚದೆ, ಹಲವು ವಂಶವಾಹಿಗಳು ಸೇರಿ ಕೊಡುವ ತಾಳಿಕೆಯನ್ನು ಅವರು ಗುರಿಯಾಗಿಸಿಕೊಂಡರು. ಅಂಥ ಗಿಡಕ್ಕೆ ರೋಗ ಬರುವುದೇ ಇಲ್ಲವೆಂದಲ್ಲ. ಮಚ್ಚೆ ಬರುತ್ತದೆ, ಆದರೆ ನಿಧಾನವಾಗಿ ಹರಡುತ್ತದೆ, ಎಲೆ ಗೆಡ್ಡೆಗೆ ಉಣಿಸುವಷ್ಟು ದಿನ ಬಾಳುತ್ತದೆ. ನೀರುಬೂಜು ಹೊಸ ರೂಪ ತಾಳಿದರೂ ಇಂಥ ತಾಳಿಕೆಯನ್ನು ಒಂದೇ ಏಟಿಗೆ ಮುರಿಯಲಾರದು.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಗೆಯಾಗಿರುವುದು ಆಯ್ಕೆಯ ತಕ್ಕಡಿಯನ್ನು ಅವರು ರೈತರ ಕೈಗೆ ಕೊಟ್ಟದ್ದು. 1999ರಿಂದ ರೈತರೂ ಸಂಶೋಧಕರೂ ಸೇರಿದ ಒಂದು ಕೂಟ ಹೊಸ ಸಸಿಗಳನ್ನು ತಮ್ಮ ತಮ್ಮ ಹೊಲಗಳಲ್ಲಿ ನೆಟ್ಟು ನೋಡಿತು. ಸಂಶೋಧಕರಿಗೆ ಇಳುವರಿಯೂ ಮಚ್ಚೆಗಳ ಲೆಕ್ಕವೂ ಮುಖ್ಯವಾಗಿದ್ದರೆ, ರೈತರು ಗೆಡ್ಡೆಯನ್ನು ಬೇಯಿಸಿ ತಿಂದು ತೀರ್ಪು ಕೊಟ್ಟರು: ಇದು ನೀರೊಡೆಯುತ್ತದೆ, ಇದರ ಬಣ್ಣ ಸರಿಯಿಲ್ಲ, ಇದು ಮರುದಿನಕ್ಕೆ ಗಟ್ಟಿಯಾಗುತ್ತದೆ, ಇದಕ್ಕೆ ಮರಿಗಳು ಸಾಲದು. ಇಳುವರಿಯಲ್ಲಿ ಮೇಲಿದ್ದ ಎಷ್ಟೋ ಗಿಡಗಳು ನಾಲಿಗೆಯ ಪರೀಕ್ಷೆಯಲ್ಲಿ ಸೋತು ಹೊರಗಾದವು. ನಮ್ಮಲ್ಲೂ ಸಂಶೋಧನಾ ಕೇಂದ್ರದಿಂದ ಬಿಡುಗಡೆಯಾದ ಎಷ್ಟೋ ತಳಿಗಳು ಅಡುಗೆಮನೆಯ ಹೊಸ್ತಿಲನ್ನು ದಾಟದೆ ಉಳಿದಿರುವುದನ್ನು ನೋಡಿ ನೊಂದವನು ನಾನು. ಬಿಡುಗಡೆಗೆ ಮೊದಲೇ ಉಣ್ಣುವವರನ್ನು ಕೇಳುವ ಈ ಕ್ರಮ ಇಲ್ಲಿಯೂ ಬೇರೂರಬೇಕೆಂಬುದು ನನ್ನ ಬಹುದಿನದ ಆಸೆ. ಹೀಗೆ ಹಲವು ಸುತ್ತುಗಳನ್ನು ದಾಟಿ ಬಂದ ತಳಿಗಳು 2009ರ ಸುಮಾರಿಗೆ ರೈತರಿಗೆ ಸಿಕ್ಕವು. 2010ರಿಂದೀಚೆಗೆ ಸಮೋವಾದ ಗೆಡ್ಡೆ ಮತ್ತೆ ನ್ಯೂಜಿಲೆಂಡಿನತ್ತ ಹೊರಟಿತು. ತಾವು ಅಂಗಡಿಯಲ್ಲಿ ಕಂಡದ್ದು ಆ ಮೊಮ್ಮಕ್ಕಳನ್ನು.

ಫಿಜಿಯ ರಾಶಿ ಅದರ ಪಕ್ಕದಲ್ಲೇ ಏಕಿದೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಸಮೋವಾದ ಗೆಡ್ಡೆ ನಿಂತಾಗ ಖಾಲಿಯಾದ ಮಾರುಕಟ್ಟೆಯನ್ನು ಈ ರೋಗ ಮುಟ್ಟದಿದ್ದ ಫಿಜಿ ಹಿಡಿದುಕೊಂಡಿತು. ಅಲ್ಲಿನ ತವೆಯುನಿ ಎಂಬ ಫಲವತ್ತಾದ ದ್ವೀಪ ಕೆಸುವಿನ ಕಣಜವಾಯಿತು. ಫಿಜಿಯವರು ರಫ್ತಿಗೆಂದು ಬೆಳೆಯುವ ಮುಖ್ಯ ತಳಿಯ ಹೆಸರು ‘ತೌಸಲ ನಿ ಸಮೋವಾ’. ಸಮೋವಾದಲ್ಲಿ ಬೆಳೆ ನಿಂತ ವರ್ಷಗಳಲ್ಲಿ ಸಮೋವಾದ ಹೆಸರು ಹೊತ್ತ ಗೆಡ್ಡೆಯೇ ಫಿಜಿಯಿಂದ ಆಕ್ಲೆಂಡಿಗೆ ಬರುತ್ತಿತ್ತು. ಕಳೆದುಕೊಂಡ ಮಾರುಕಟ್ಟೆಯನ್ನು ಸಮೋವಾ ಇಂದಿಗೂ ಪೂರ್ತಿಯಾಗಿ ಮರಳಿ ಪಡೆದಿಲ್ಲ.

ಸಮೋವಾದ ಶ್ರಮ ಸಮೋವಾದಲ್ಲೇ ಉಳಿಯಲಿಲ್ಲ. ಫಿಜಿಯ ಸುವಾ ನಗರದಲ್ಲಿರುವ ಪೆಸಿಫಿಕ್ ಬೆಳೆಗಳ ಮತ್ತು ಮರಗಳ ಕೇಂದ್ರದಲ್ಲಿ ಕೆಸುವಿನ ಸಾವಿರದಷ್ಟು ಬಗೆಗಳನ್ನು ಗಾಜಿನ ನಳಿಕೆಗಳಲ್ಲಿ ಅಂಗಾಂಶ ಕೃಷಿಯಿಂದ ಕಾಪಾಡುತ್ತಿದ್ದಾರೆ. 2009-10ರ ಹೊತ್ತಿಗೆ ಇದೇ ಅಂಗಮಾರಿ ನೈಜೀರಿಯಾ, ಘಾನಾ, ಕ್ಯಾಮರೂನ್‌ಗಳಲ್ಲಿ ಕಾಣಿಸಿಕೊಂಡು ಪಶ್ಚಿಮ ಆಫ್ರಿಕದ ಬಡ ಕುಟುಂಬಗಳ ಊಟವನ್ನು ಕಿತ್ತುಕೊಂಡಾಗ, ಸಮೋವಾದಲ್ಲಿ ಬೆಳೆಸಿದ ತಳಿಗಳ ಸಸಿಗಳು ಆ ನಳಿಕೆಗಳಲ್ಲಿ ಅಲ್ಲಿಗೆ ಹೋದವು.

ತಮ್ಮ ಹಿತ್ತಲಿನ ಮಚ್ಚೆಗಳ ವಿಷಯಕ್ಕೆ ಬರುತ್ತೇನೆ. ಸುತ್ತು ಸುತ್ತಾದ ಕಂದು ಮಚ್ಚೆ, ಅಂಚಿನಲ್ಲಿ ಬೆಳಗಿನ ಹೊತ್ತು ಬಿಳಿಯ ಧೂಳು, ಅಂಟುಹನಿ ಇವು ಮೂರೂ ಇದ್ದರೆ ಅದು ಬಹುತೇಕ ಇದೇ ರೋಗ. ಭಾರತಕ್ಕೆ ಇದು ಹೊಸದಲ್ಲ. ಜಾವಾ ದ್ವೀಪದಲ್ಲಿ ಸಸ್ಯವಿಜ್ಞಾನಿ ರಾಸಿಬೊರ್ಸ್ಕಿ 1900ರಲ್ಲಿ ಇದನ್ನು ಮೊದಲು ವಿವರಿಸಿದ ಮೇಲೆ, ನಮ್ಮ ದೇಶದಲ್ಲಿ ಬಟ್ಲರ್ ಮತ್ತು ಕುಲಕರ್ಣಿ ಅವರು 1913ರಲ್ಲೇ ಇದರ ಅಧ್ಯಯನವನ್ನು ಪ್ರಕಟಿಸಿದ್ದರು. ಹಾಗಾದರೆ ನಮ್ಮಲ್ಲಿ ಸಮೋವಾದಂಥ ವಿಪತ್ತು ಏಕಾಗಲಿಲ್ಲ? ನಮ್ಮ ಕೆಸುಗಳು ಈ ರೋಗದೊಡನೆ ಬಹುಕಾಲ ಒಟ್ಟಿಗೆ ಬದುಕಿವೆ ಎಂಬುದು ಒಂದು. ಕರಿಕೆಸು, ಬಿಳಿಕೆಸು ಎಂದು ಊರೂರಿಗೂ ಮನೆಮನೆಗೂ ಬೇರೆ ಬೇರೆ ಬಗೆಗಳಿವೆ ಎಂಬುದು ಇನ್ನೊಂದು. ಕೆಸು ಕೈಕೊಟ್ಟರೆ ನಮ್ಮ ಅನ್ನಕ್ಕೆ ಸಂಚಕಾರವಿಲ್ಲ ಎಂಬುದು ಮೂರನೆಯದು. ಆದರೆ ಬಂಗಾಳ, ಒಡಿಶಾ, ಈಶಾನ್ಯ ರಾಜ್ಯಗಳಲ್ಲಿ ಕೆಸುವನ್ನು ಹೊಲದ ಬೆಳೆಯಾಗಿ ಬೆಳೆಯುವವರಿಗೆ ಇದು ದೊಡ್ಡ ನಷ್ಟವನ್ನೇ ತರುತ್ತದೆ. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಇದನ್ನು ತಾಳಿಕೊಳ್ಳುವ ‘ಮುಕ್ತಕೇಶಿ’ಯಂಥ ತಳಿಯನ್ನು ಕೊಟ್ಟಿದೆ. ತಮ್ಮ ಮನೆಯವರಿಗೆ ನಾನು ಹೇಳುವುದಿಷ್ಟು: ಮಚ್ಚೆಯಾದ ಎಲೆಯನ್ನು ಕಂಡ ದಿನವೇ ಕೊಯ್ದು, ಕೆಸುವಿನ ಮಡಿಯಿಂದ ದೂರ ಹೂಳಲಿ. ಗಿಡಗಳ ನಡುವೆ ಗಾಳಿಯಾಡುವಷ್ಟು ಅಂತರ ಬಿಡಲಿ. ಮುಂದಿನ ವರ್ಷದ ನಾಟಿಗೆ ರೋಗ ಕಂಡ ಬುಡದ ಗೆಡ್ಡೆಯನ್ನು ತೆಗೆದಿಡದಿರಲಿ. ಹಿತ್ತಲಿನಲ್ಲಿ ಎರಡು ಮೂರು ಬಗೆಯ ಕೆಸು ಇದ್ದರೆ ಯಾವುದನ್ನೂ ಕಿತ್ತೆಸೆಯದಿರಲಿ. ಸೊಪ್ಪನ್ನು ತಿನ್ನುವ ಮನೆಯಾದ್ದರಿಂದ ಔಷಧ ಸಿಂಪಡಿಸುವುದನ್ನು ನಾನು ಸೂಚಿಸುವುದಿಲ್ಲ.

ಊರಿನಿಂದ ಗೆಡ್ಡೆ ತಂದು ನೆಡಬಹುದೇ ಎಂಬ ಕೊನೆಯ ಪ್ರಶ್ನೆಗೆ, ತಮ್ಮ ಆಸೆಯನ್ನು ಅರ್ಥಮಾಡಿಕೊಂಡೂ, ಬೇಡವೆಂದೇ ಹೇಳಬೇಕಾಗಿದೆ. ನೆಡುವ ಗೆಡ್ಡೆ, ಬಳ್ಳಿ, ಬೀಜಗಳನ್ನು ಅನುಮತಿಯಿಲ್ಲದೆ ತರುವುದು ನ್ಯೂಜಿಲೆಂಡಿನಲ್ಲಿ ಅಪರಾಧ. ಅದಕ್ಕೂ ಮಿಗಿಲಾಗಿ, ಅದರ ಕಾರಣ ತಮಗೀಗ ಗೊತ್ತಾಗಿದೆ: ಕಣ್ಣಿಗೆ ಶುದ್ಧವಾಗಿ ಕಾಣುವ ಒಂದು ಗೆಡ್ಡೆಯ ಸಿಪ್ಪೆಯ ಮೇಲೆ ನೀರುಬೂಜು ಇರಬಹುದು, ಒಳಗೆ ವೈರಸ್ ಇರಬಹುದು. ಸುವಾದ ಕೇಂದ್ರ ಕೂಡ ಒಂದು ತಳಿಯನ್ನು ಕಳುಹಿಸುವ ಮೊದಲು ವೈರಸ್ ಪರೀಕ್ಷೆ ಮಾಡಿ, ಮಣ್ಣು ಸೋಕದ ನಳಿಕೆಯ ಸಸಿಯಾಗಿ ಮಾತ್ರ ಕಳುಹಿಸುತ್ತದೆ. ಸೊಲೊಮನ್ ದ್ವೀಪಗಳಲ್ಲಿ ‘ಅಲೊಮಾಯೆ’ ಎಂಬ ವೈರಸ್ ರೋಗ ಕೆಸುವಿನ ಗಿಡವನ್ನೇ ಕೊಲ್ಲುತ್ತದೆ, ಅಂಥದ್ದು ದ್ವೀಪದಿಂದ ದ್ವೀಪಕ್ಕೆ ದಾಟಬಾರದೆಂಬುದೇ ಆ ಎಚ್ಚರದ ಕಾರಣ.

ಪತ್ರೊಡೆಗೆ ಊರಿನ ಕೆಸು ಬೇಕೇಬೇಕೆಂದೂ ಇಲ್ಲ. ಗೆಡ್ಡೆ ಮಾರುವ ಆ ಅಂಗಡಿಗಳಲ್ಲೇ ಎಳೆಯ ಕೆಸುವಿನೆಲೆಯ ಕಟ್ಟುಗಳೂ ಸಿಗುತ್ತವೆ. ಸಮೋವಾದವರು ಅದರಲ್ಲಿ ತೆಂಗಿನಹಾಲು, ಈರುಳ್ಳಿ, ಉಪ್ಪನ್ನಿಟ್ಟು ಮಡಿಚಿ ಉಮುವಿನಲ್ಲಿ ಬೇಯಿಸುವ ‘ಪಲುಸಾಮಿ’ ನಮ್ಮ ಪತ್ರೊಡೆಗೆ ದೂರದ ತಂಗಿಯಂತಿದೆ. ಒಂದು ಎಚ್ಚರಿಕೆ: ಆ ಎಲೆಗಳಲ್ಲೂ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅವುಗಳಿಂದಲೇ. ಅವರು ಹೆಚ್ಚು ಹೊತ್ತು ಬೇಯಿಸಿ ಅದನ್ನು ಪಳಗಿಸುತ್ತಾರೆ, ನಮ್ಮಲ್ಲಿ ಹುಣಸೆಯ ಹುಳಿಯನ್ನೂ ಸೇರಿಸುತ್ತೇವೆ. ತಾವು ಎರಡನ್ನೂ ಮಾಡಿರಿ: ಹುಳಿಯನ್ನು ಊರಿನಲ್ಲಿ ಹಾಕುವುದಕ್ಕಿಂತ ತುಸು ಹೆಚ್ಚು ಹಾಕಿ, ಹಬೆಯಲ್ಲಿ ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಿರಿ. ದ್ವೀಪದ ಎಲೆ ನಮ್ಮದಕ್ಕಿಂತ ದಪ್ಪವಾಗಿದ್ದರೆ ಹಿಂಬದಿಯ ನಡುನರವನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಹಿಟ್ಟು ಸವರಿರಿ, ಸುರುಳಿ ಬಿರಿಯುವುದಿಲ್ಲ. ಉಳಿದ ದಂಟುಗಳನ್ನು ಎಸೆಯದೆ ಕರಕಲಿ ಮಾಡಿ, ಆ ಹಿರಿಯರಿಗೂ ಒಂದಿಷ್ಟು ಒಯ್ದುಕೊಡಿರಿ.